ಲೆಕ್ಕಕ್ಕೆ ಬಂದ ಆಟ, ಲೆಕ್ಕಕ್ಕೆ ಬಾರದ ಆಟ

ಆಟ ಮುಗಿದು, ನೆರೆದ ಜನ ಮನೆ ಸೇರಿ, ಕ್ರೀಡಾಂಗಣದ ದೀಪಗಳು ಆರಿದ ಮೇಲೆ ಆ ಆಟದ ಗುರುತಾಗಿ ಉಳಿಯುವುದು ಒಂದು ಕಾಗದದ ಹಾಳೆ. ಯಾರು ಎಷ್ಟು ಅಂಕ ಗಳಿಸಿದರು, ಯಾರು ಎಷ್ಟು ತಪ್ಪು ಮಾಡಿದರು, ಗೆದ್ದವರು ಯಾರು, ಸೋತವರು ಯಾರು ಎಂಬುದನ್ನೆಲ್ಲ ಅಂಕಣದ ಬದಿಯಲ್ಲಿ ಕುಳಿತ ಲೆಕ್ಕಿಗರು ಅದರಲ್ಲಿ ಬರೆದಿರುತ್ತಾರೆ. ಕ್ರಿಕೆಟ್ ಪಂದ್ಯದ ಅಂಕಪಟ್ಟಿಯನ್ನು ಪತ್ರಿಕೆಯಲ್ಲಿ ಹುಡುಕಿ ಓದುವ ಹಿರಿಯರೂ ಕಿರಿಯರೂ ನಮ್ಮ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ಅಂಥವರಿಗೆ ಈ ಹಾಳೆಯ ಆಕರ್ಷಣೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಆದರೆ ಅಂಥ ಹಾಳೆ ಎಲ್ಲವನ್ನೂ ಹೇಳುತ್ತದೆಯೇ? ಹೇಳದೆ ಬಿಟ್ಟದ್ದರ ಗತಿ ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ಬ್ಯಾಸ್ಕೆಟ್‌ಬಾಲ್ ಆಟದ ಆರಂಭಕಾಲದ ಲೆಕ್ಕಪತ್ರಗಳಷ್ಟು ಒಳ್ಳೆಯ ಆಧಾರ ಸಿಗುವುದು ಅಪರೂಪ. ಆದುದರಿಂದ ಈ ಸಲದ ಅಂಕಣದಲ್ಲಿ ಅವುಗಳನ್ನೇ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಮನೆಯೊಳಗೆ ಆಡಬಹುದಾದ ಆಟವೊಂದು ಬೇಕೆಂದು, ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿಸಿ, 13 ನಿಯಮಗಳನ್ನು ಬರೆದು ಇದನ್ನು ರೂಪಿಸಿದರು. ಮುಂದಿನ ಅರ್ಧ ಶತಮಾನ ಅದು ಶಾಲೆ, ಕಾಲೇಜು, ಸಣ್ಣ ಪಟ್ಟಣಗಳ ಸಂಘಗಳಲ್ಲಿ ಬೆಳೆಯಿತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರ ಜೂನ್ 6ರಂದು, ದೊಡ್ಡ ನಗರಗಳ ಕ್ರೀಡಾಂಗಣಗಳ ಒಡೆಯರು ನ್ಯೂಯಾರ್ಕಿನಲ್ಲಿ ಸಭೆ ಸೇರಿ ಹನ್ನೊಂದು ತಂಡಗಳ ವೃತ್ತಿಪರ ಸಂಘವೊಂದನ್ನು ಸ್ಥಾಪಿಸಿದರು. ಅವರಲ್ಲಿ ಹೆಚ್ಚಿನವರು ಐಸ್ ಹಾಕಿ ನಡೆಸುತ್ತಿದ್ದವರು. ಹಾಕಿ ಇಲ್ಲದ ರಾತ್ರಿಗಳಲ್ಲಿ ತಮ್ಮ ಅಂಗಣಗಳು ಬರಿದಾಗಿ ಬಿದ್ದಿರಬಾರದೆಂಬುದು ಅವರ ವ್ಯವಹಾರ ಬುದ್ಧಿ. 1949ರಲ್ಲಿ ಈ ಸಂಘ ಇನ್ನೊಂದು ಸಂಘದೊಡನೆ ಕೂಡಿಕೊಂಡು ಎನ್‌ಬಿಎ ಎಂಬ ಹೆಸರು ತಾಳಿತು. ಇಂದು ಜಗತ್ತಿನಾದ್ಯಂತ ಹೆಸರಾದ ಎನ್‌ಬಿಎ ತನ್ನ ಚರಿತ್ರೆಯನ್ನು 1946ರಿಂದಲೇ ಎಣಿಸುತ್ತದೆ.

ಆ ಎಣಿಕೆಯ ಮೊದಲ ಪಂದ್ಯ ನಡೆದದ್ದು 1946ರ ನವೆಂಬರ್ 1ರಂದು, ಅಮೆರಿಕದಲ್ಲಲ್ಲ, ಕೆನಡಾದ ಟೊರೊಂಟೊ ನಗರದ ಮೇಪಲ್ ಲೀಫ್ ಗಾರ್ಡನ್ಸ್ ಎಂಬ ಹಾಕಿ ಅಂಗಣದಲ್ಲಿ. ನ್ಯೂಯಾರ್ಕ್ ನಿಕರ್‌ಬಾಕರ್ಸ್ ಮತ್ತು ಟೊರೊಂಟೊ ಹಸ್ಕೀಸ್ ತಂಡಗಳು ಎದುರುಬದುರಾದವು. ಅಂದು ನೆರೆದವರು 7,090 ಜನ. ಟೊರೊಂಟೊದವರಿಗೆ ಐಸ್ ಹಾಕಿಯೇ ಪ್ರಾಣ. ಈ ಹೊಸ ಆಟಕ್ಕೆ ಅವರನ್ನು ಕರೆತರಲು ತಂಡದವರು ಒಂದು ಉಪಾಯ ಹೂಡಿದ್ದರು. ತಮ್ಮ ಆಟಗಾರ ಜಾರ್ಜ್ ನಾಸ್ಟ್ರಂಡ್ ಅವರ ಎತ್ತರ 6 ಅಡಿ 8 ಅಂಗುಲ. ಅವರಿಗಿಂತ ಎತ್ತರವಿರುವ ಯಾರೇ ಬಂದರೂ ಪ್ರವೇಶ ಉಚಿತ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿದ್ದರು. ಉಳಿದವರಿಗೆ ಟಿಕೆಟ್ಟಿನ ದರ 75 ಸೆಂಟ್‌ಗಳಿಂದ ಎರಡೂವರೆ ಡಾಲರ್‌ವರೆಗೆ ಇತ್ತು.

ಈಗ ಆ ದಿನದ ಹಾಳೆಯನ್ನು ನೋಡೋಣ. ಪಂದ್ಯವು 12 ನಿಮಿಷಗಳ ನಾಲ್ಕು ಅವಧಿಗಳದು. ಮೊದಲ ಅವಧಿಯಲ್ಲಿ ನ್ಯೂಯಾರ್ಕ್ 16, ಟೊರೊಂಟೊ 12. ಎರಡನೆಯದರಲ್ಲಿ 21 ಮತ್ತು 17. ಹೀಗೆ ಅರ್ಧ ಆಟ ಮುಗಿದಾಗ 37–29ರಿಂದ ನ್ಯೂಯಾರ್ಕ್ ಮುಂದಿತ್ತು. ಮೂರನೆಯ ಅವಧಿಯಲ್ಲಿ ಚಕ್ರ ತಿರುಗಿತು: ನ್ಯೂಯಾರ್ಕಿಗೆ ದಕ್ಕಿದ್ದು ಕೇವಲ 7 ಅಂಕ, ಟೊರೊಂಟೊಗೆ 19. ಕೊನೆಯ ಅವಧಿಯಲ್ಲಿ ನ್ಯೂಯಾರ್ಕ್ ಮತ್ತೆ ಎದ್ದು 24 ಗಳಿಸಿತು, ಟೊರೊಂಟೊ 18. ಮೊತ್ತ 68–66. ಎರಡೇ ಅಂಕಗಳಿಂದ ನ್ಯೂಯಾರ್ಕ್ ಗೆದ್ದಿತು. ಅತ್ಯಧಿಕ ಅಂಕ ಗಳಿಸಿದವರು ಮಾತ್ರ ಸೋತ ತಂಡದ ಎಡ್ ಸಡೋವ್‌ಸ್ಕಿ. ಅವರ ಗಳಿಕೆ 18. ಗೆದ್ದ ತಂಡದಲ್ಲಿ ಲಿಯೋ ಗಾಟ್ಲೀಬ್ ಅವರ 14 ಅಂಕಗಳೇ ಮೇಲು. ಪಂದ್ಯದ ಮೊದಲ ಬುಟ್ಟಿಯನ್ನು ಹಾಕಿದ ಆಸಿ ಷೆಕ್ಟ್‌ಮನ್ ಅವರ ಮೊತ್ತ 11.

ಅಂಕಗಳ ಕಾಲಂ ಒಂದನ್ನೇ ಓದಿದವರು ಸಡೋವ್‌ಸ್ಕಿ ಅವರೇ ಅಂದಿನ ನಾಯಕಮಣಿ ಎಂದು ತೀರ್ಮಾನಿಸಿಯಾರು. ಪಕ್ಕದಲ್ಲಿರುವ ಫೌಲ್‌ಗಳ ಕಾಲಮ್ಮಿಗೆ ಕಣ್ಣು ಹಾಯಿಸಿದಾಗ ಕಥೆ ಬೇರೆಯಾಗುತ್ತದೆ. ಅವರು ಆಟಗಾರರೂ ಹೌದು, ಆ ತಂಡದ ತರಬೇತುದಾರರೂ ಹೌದು. ದ್ವಿತೀಯಾರ್ಧ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಐದನೆಯ ಫೌಲ್ ಮಾಡಿ ಆಟದಿಂದ ಹೊರಬಿದ್ದರು. ಅವರ ಜಾಗಕ್ಕೆ ಬಂದವರು, ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದ ಅದೇ ನಾಸ್ಟ್ರಂಡ್. ಟೊರೊಂಟೊ 19–7ರಿಂದ ಮೇಲುಗೈ ಪಡೆದದ್ದು ಆ ಮೂರನೆಯ ಅವಧಿಯಲ್ಲಿಯೇ. ತಂಡದ ಅತ್ಯುತ್ತಮ ಅಂಕ ಗಳಿಕೆದಾರ ಬಹುಪಾಲು ಹೊರಗೆ ಕುಳಿತಿದ್ದಾಗ ತಂಡ ತನ್ನ ಅತ್ಯುತ್ತಮ ಆಟವನ್ನು ಆಡಿತು. ಅಂಕಿಗಳು ಸುಳ್ಳು ಹೇಳಲಿಲ್ಲ. ಒಂದು ಅಂಕಿಯನ್ನು ಒಂಟಿಯಾಗಿ ಓದಿದವರಿಗೆ ಮಾತ್ರ ತಪ್ಪು ಅರ್ಥ ಹೊಳೆಯುತ್ತದೆ.

ಆ ಕಾಲದ ಅಂಕಿಗಳನ್ನು ಇಂದಿನ ಕಣ್ಣಿನಿಂದ ಅಳೆಯಲು ಹೊರಟರೂ ಇಂಥದೇ ತೊಡಕು ಎದುರಾಗುತ್ತದೆ. 1946–47ರ ಸಾಲಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ಜೋ ಫಲ್ಕ್ಸ್. 60 ಪಂದ್ಯಗಳಲ್ಲಿ 1,389 ಅಂಕ, ಪಂದ್ಯಕ್ಕೆ ಸರಾಸರಿ 23.2. ಆ ಸಾಲಿನ ಪ್ರಶಸ್ತಿಯೂ ಅವರ ತಂಡಕ್ಕೇ ಬಂದಿತು. ಆದರೆ ಅವರು ಬುಟ್ಟಿಗೆ ಗುರಿಯಿಟ್ಟು ಎಸೆದದ್ದು 1,557 ಬಾರಿ, ಬುಟ್ಟಿಗೆ ಬಿದ್ದದ್ದು 475 ಬಾರಿ. ಎಂದರೆ ಹತ್ತು ಎಸೆತಗಳಲ್ಲಿ ಮೂರು ಫಲಿಸಿ ಏಳು ವ್ಯರ್ಥವಾದವು. ಇಡೀ ಸಂಘದಲ್ಲಿ ಅತ್ಯಂತ ನಿಖರ ಗುರಿಗಾರರೆನಿಸಿದ ಬಾಬ್ ಫೀರಿಕ್ ಅವರ ಪ್ರಮಾಣ ಕೂಡ ನೂರಕ್ಕೆ ನಲವತ್ತು. ಸಹ ಆಟಗಾರನಿಗೆ ಚೆಂಡು ಒದಗಿಸಿ ಬುಟ್ಟಿಗೆ ಕಾರಣರಾಗುವುದನ್ನು ಅಸಿಸ್ಟ್ ಎನ್ನುತ್ತಾರೆ. ಆ ಸಾಲಿನಲ್ಲಿ ಅಸಿಸ್ಟ್‌ಗಳಲ್ಲಿ ಮೊದಲಿಗರಾದ ಎರ್ನಿ ಕ್ಯಾಲ್ವರ್ಲಿ ಅವರ ಒಟ್ಟು ಸಂಖ್ಯೆ 202. 1990–91ರಲ್ಲಿ ಜಾನ್ ಸ್ಟಾಕ್‌ಟನ್ ಒಂದೇ ಸಾಲಿನಲ್ಲಿ 1,164 ಅಸಿಸ್ಟ್ ದಾಖಲಿಸಿದರು. ಹಾಗೆಂದು ಕ್ಯಾಲ್ವರ್ಲಿ ಅವರಿಗಿಂತ ಸ್ಟಾಕ್‌ಟನ್ ಐದಾರು ಪಾಲು ದೊಡ್ಡ ಆಟಗಾರರೆಂದು ಹೇಳಬಹುದೇ? ಹೇಳಲಾಗದು. 1946ರಲ್ಲಿ ಪಂದ್ಯಗಳ ಸಂಖ್ಯೆ ಕಡಿಮೆ, ಬುಟ್ಟಿಗಳ ಸಂಖ್ಯೆಯೂ ಕಡಿಮೆ. ಯಾವುದನ್ನು ಅಸಿಸ್ಟ್ ಎಂದು ಬರೆದುಕೊಳ್ಳಬೇಕೆಂಬ ವಿಷಯದಲ್ಲಿ ಅಂದಿನ ಲೆಕ್ಕಿಗರ ಕೈ ಬಿಗಿಯಾಗಿತ್ತು. ಅಳತೆಗೋಲು ಬದಲಾದ ಮೇಲೆ ಹಳೆಯ ಅಳತೆಯನ್ನೂ ಹೊಸ ಅಳತೆಯನ್ನೂ ಅಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ನ್ಯಾಯವಲ್ಲ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. 1946ರ ಲೆಕ್ಕಪತ್ರದಲ್ಲಿ ಎಸೆತ, ಫ್ರೀ ಥ್ರೋ, ಅಸಿಸ್ಟ್, ಫೌಲ್, ಅಂಕ ಇವಿಷ್ಟಕ್ಕೇ ಜಾಗವಿತ್ತು. ಗುರಿ ತಪ್ಪಿ ಹಿಂದಕ್ಕೆ ಪುಟಿದ ಚೆಂಡನ್ನು ನೆಗೆದು ಹಿಡಿಯುವ ರಿಬೌಂಡ್ ಲೆಕ್ಕಕ್ಕೆ ಬಂದದ್ದು 1950–51ರಲ್ಲಿ. ಯಾರು ಎಷ್ಟು ನಿಮಿಷ ಆಡಿದರೆಂಬುದು 1951–52ರಿಂದ. ಎದುರಾಳಿಯ ಕೈಯಿಂದ ಚೆಂಡು ಕಸಿಯುವುದು, ಬುಟ್ಟಿಯತ್ತ ಹೊರಟ ಚೆಂಡನ್ನು ಗಾಳಿಯಲ್ಲೇ ತಡೆದು ಬ್ಲಾಕ್ ಮಾಡುವುದು ಇವೆರಡೂ ಅಧಿಕೃತ ಲೆಕ್ಕಕ್ಕೆ ಸೇರಿದ್ದು 1973–74ರಲ್ಲಿ. ಕೈತಪ್ಪಿನಿಂದ ಚೆಂಡು ಕಳೆದುಕೊಂಡದ್ದರ ಲೆಕ್ಕ 1977–78ರಲ್ಲಿ. ಸಂಘ ಹುಟ್ಟಿ ಕಾಲು ಶತಮಾನ ಕಳೆಯುವವರೆಗೂ, ಅಂಕ ಗಳಿಸಿದವರ ಹೆಸರು ಕಾಗದದ ಮೇಲೆ ಬಂತು. ಅಂಕ ಬಿಟ್ಟುಕೊಡದಂತೆ ಕಾದವರ ದುಡಿಮೆ ಬಹುಪಾಲು ಗಾಳಿಗೆ ಹೋಯಿತು.

ಇದರಿಂದ ಅತಿ ಹೆಚ್ಚು ನಷ್ಟ ಅನುಭವಿಸಿದವರು ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್. 1956ರಿಂದ 1969ರವರೆಗೆ 13 ಸಾಲುಗಳಲ್ಲಿ ಅವರು ಆಡಿದರು. ಅವುಗಳಲ್ಲಿ 11 ಸಲ ಅವರ ತಂಡ ಪ್ರಶಸ್ತಿ ಗೆದ್ದಿತು. ಪಂದ್ಯಕ್ಕೆ ಅವರ ಅಂಕಗಳ ಸರಾಸರಿ 15.1 ಮಾತ್ರ. ಆ ಅಂಕಿಯನ್ನೊಂದೇ ನೋಡಿದವರಿಗೆ ಹನ್ನೊಂದು ಪ್ರಶಸ್ತಿಗಳು ಬಂದ ಬಗೆ ಅರ್ಥವಾಗದು. 21,620 ರಿಬೌಂಡ್‌ಗಳು ಸ್ವಲ್ಪ ಸುಳಿವು ನೀಡುತ್ತವೆ. ಆದರೆ ಅವರ ಆಟದ ಜೀವಾಳ ಇದ್ದದ್ದು ಬ್ಲಾಕ್ ಮಾಡುವುದರಲ್ಲಿ. ಚೆಂಡನ್ನು ಜನರ ನಡುವೆ ಬಡಿದು ಚಪ್ಪಾಳೆ ಗಿಟ್ಟಿಸದೆ, ಅದು ತಮ್ಮವರ ಕೈಗೇ ಸೇರುವಂತೆ ಮೆಲ್ಲನೆ ತಿರುಗಿಸುವುದು ಅವರ ಕೌಶಲ. ಹಾಗೆ ಅವರು ತಡೆದ ಎಸೆತಗಳ ಅಧಿಕೃತ ಸಂಖ್ಯೆ ಯಾವ ಪುಸ್ತಕದಲ್ಲೂ ಇಲ್ಲ; ಅವರು ನಿವೃತ್ತರಾಗಿ ನಾಲ್ಕು ವರ್ಷಗಳಾದ ಮೇಲೆ ಆ ಕಾಲಂ ಹುಟ್ಟಿತು. 2022ರ ಜುಲೈ 31ರಂದು ಅವರು ತೀರಿಕೊಂಡ ಬಳಿಕ, ಅವರು ಧರಿಸುತ್ತಿದ್ದ 6ನೇ ಸಂಖ್ಯೆಯ ಅಂಗಿಯನ್ನು ಇನ್ನು ಮುಂದೆ ಯಾವ ತಂಡದ ಹೊಸ ಆಟಗಾರನಿಗೂ ಕೊಡಕೂಡದೆಂದು ಎನ್‌ಬಿಎ ತೀರ್ಮಾನಿಸಿತು. ಎಣಿಸದೆ ಬಿಟ್ಟ ದುಡಿಮೆಗೆ ಗೌರವ ಸಂದಿತು, ನಿಜ. ಎಣಿಕೆ ಮಾತ್ರ ಮರಳಿ ಬರಲಿಲ್ಲ.

ರಸೆಲ್ ಅವರ ಸರಿಸಮಾನ ಪ್ರತಿಸ್ಪರ್ಧಿ ವಿಲ್ಟ್ ಚೇಂಬರ್ಲಿನ್. ಅಂಕಿಗಳ ಲೋಕದಲ್ಲಿ ಅವರಷ್ಟು ಶ್ರೀಮಂತರು ವಿರಳ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಪುಟ್ಟ ಊರಿನಲ್ಲಿ, 4,124 ಪ್ರೇಕ್ಷಕರ ಎದುರು, ಒಂದೇ ಪಂದ್ಯದಲ್ಲಿ ಅವರೊಬ್ಬರೇ 100 ಅಂಕ ಗಳಿಸಿದರು. 63 ಎಸೆತಗಳಲ್ಲಿ 36 ಬುಟ್ಟಿ, 32 ಫ್ರೀ ಥ್ರೋಗಳಲ್ಲಿ 28. ಅವರ ಫಿಲಡೆಲ್ಫಿಯಾ ತಂಡ ನ್ಯೂಯಾರ್ಕನ್ನು 169–147ರಿಂದ ಸೋಲಿಸಿತು. ದೂರದರ್ಶನದವರು ಆ ಪಂದ್ಯವನ್ನು ಚಿತ್ರೀಕರಿಸಿರಲಿಲ್ಲ. ಉಳಿದದ್ದು ರೇಡಿಯೊ ವರದಿಯ ಒಂದಿಷ್ಟು ಧ್ವನಿಮುದ್ರಣ, ಲೆಕ್ಕದ ಹಾಳೆ ಮತ್ತು ಒಂದು ಛಾಯಾಚಿತ್ರ. ಚಿತ್ರದಲ್ಲಿ ಚೇಂಬರ್ಲಿನ್ ‘100’ ಎಂದು ಬರೆದ ಕಾಗದವೊಂದನ್ನು ಹಿಡಿದಿದ್ದಾರೆ. ಆ ಅಂಕಿಯನ್ನು ಬರೆದುಕೊಟ್ಟವರು ತಂಡದ ಲೆಕ್ಕ ಬರೆಯುತ್ತಿದ್ದ ಹಾರ್ವಿ ಪೊಲಾಕ್.

ಇದೇ ಹಾಳೆಯಲ್ಲಿ ಇನ್ನೆರಡು ಸಾಲುಗಳಿವೆ. ಗೈ ರಾಜರ್ಸ್ ಅಂದು 20 ಅಸಿಸ್ಟ್ ನೀಡಿದರು. ಅಲ್ ಆಟಲ್ಸ್ 8 ಸಲ ಎಸೆದು ಎಂಟನ್ನೂ ಬುಟ್ಟಿಗೆ ಹಾಕಿದರು. ಒಂದು ಫ್ರೀ ಥ್ರೋ ಸೇರಿ ಅವರ ಗಳಿಕೆ 17. ಒಂದು ತಪ್ಪೂ ಇಲ್ಲದ ಆಟ. ಬೇರೆ ಯಾವ ದಿನವಾಗಿದ್ದರೂ ಮರುದಿನ ಅವರ ಹೆಸರನ್ನು ಜನ ಆಡಿಕೊಳ್ಳುತ್ತಿದ್ದರು. ನೂರರ ನೆರಳಿನಲ್ಲಿ ಆ ಎಂಟಕ್ಕೆಂಟು ಮಸುಕಾಯಿತು. ಹಾಳೆಯಾದರೋ ಪಕ್ಷಪಾತ ಮಾಡಲಿಲ್ಲ. ದೊಡ್ಡ ಅಂಕಿಯ ಪಕ್ಕದಲ್ಲೇ ಚಿಕ್ಕ ಅಂಕಿಯನ್ನೂ ಅದೇ ಗಾತ್ರದ ಅಕ್ಷರಗಳಲ್ಲಿ ಇರಿಸಿಕೊಂಡಿದೆ. ಚೇಂಬರ್ಲಿನ್ ಅವರಿಗೂ ಎಣಿಕೆಯಿಂದ ಪೂರ್ಣ ನ್ಯಾಯ ದೊರೆಯಲಿಲ್ಲ. ಅವರ ಕೊನೆಯ ಸಾಲು 1972–73. ಬ್ಲಾಕ್‌ಗಳ ಅಧಿಕೃತ ಲೆಕ್ಕ ಶುರುವಾದದ್ದು ಅದರ ಮರುಸಾಲಿನಿಂದ! ಅಲ್ಲದೆ 1960ರ ನವೆಂಬರ್ 24ರಂದು ಅವರು ಒಂದೇ ಪಂದ್ಯದಲ್ಲಿ 55 ರಿಬೌಂಡ್ ಹಿಡಿದು ಸ್ಥಾಪಿಸಿದ ದಾಖಲೆ ಇನ್ನೂ ಮುರಿದಿಲ್ಲ. ಆದರೆ ಆ ದಿನ ಗೆದ್ದದ್ದು ರಸೆಲ್ ಅವರ ಬಾಸ್ಟನ್, 132–129ರಿಂದ.

ಲೆಕ್ಕ ಬರೆಯುವವರ ಬಗ್ಗೆಯೂ ಎರಡು ಮಾತು ಅಗತ್ಯ. ಮೇಲೆ ಹೆಸರಿಸಿದ ಹಾರ್ವಿ ಪೊಲಾಕ್ 1946ರ ಮೊದಲ ಸಾಲಿನಿಂದಲೇ ಫಿಲಡೆಲ್ಫಿಯಾ ತಂಡದ ಕೆಲಸದಲ್ಲಿದ್ದವರು. 2015ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಬ್ಯಾಸ್ಕೆಟ್‌ಬಾಲ್ ಅಂಕಿಅಂಶಗಳ ಕಾಯಕವನ್ನು ಬಿಡಲಿಲ್ಲ. ಸಂಘ ಕೇಳುವುದಕ್ಕೆ ಮುಂಚೆಯೇ, ಯಾರೂ ಎಣಿಸದ ಸಂಗತಿಗಳನ್ನು ತಾವಾಗಿ ಎಣಿಸುವ ಹವ್ಯಾಸ ಅವರದು. ಅಂಕಣದ ಬದಿಯಲ್ಲಿ ಕುಳಿತು, ಚಪ್ಪಾಳೆಗೆ ಕಿವಿಗೊಡದೆ, ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಗೀಟು ಹಾಕುವ ಇಂಥವರು ಇಲ್ಲದಿದ್ದರೆ ಇಂದು ನಮಗೆ ಆ ಆಟಗಳ ಬಗ್ಗೆ ಮಾತನಾಡಲು ದಂತಕಥೆಗಳಲ್ಲದೆ ಬೇರೇನೂ ಇರುತ್ತಿರಲಿಲ್ಲ.

ಲೆಕ್ಕ ಆಟವನ್ನೇ ಬದಲಿಸಿದ ಉದಾಹರಣೆಯೂ ಉಂಟು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19–18ರಿಂದ ಸೋಲಿಸಿತು. ಹೌದು, 48 ನಿಮಿಷಗಳಲ್ಲಿ ಎರಡೂ ತಂಡಗಳು ಸೇರಿ 37 ಅಂಕ! ಎದುರಾಳಿಗಳ ಮಹಾಕಾಯ ಆಟಗಾರ ಜಾರ್ಜ್ ಮೈಕನ್ ಕೈಗೆ ಚೆಂಡು ಸಿಗದಿರಲೆಂದು ಫೋರ್ಟ್ ವೇನ್‌ನವರು ಚೆಂಡನ್ನು ಎಸೆಯದೆ ತಮ್ಮ ಬಳಿಯೇ ಇಟ್ಟುಕೊಂಡು ಕಾಲ ತಳ್ಳಿದರು. ಅಷ್ಟಾದರೂ ತಮ್ಮ ತಂಡದ 18ರಲ್ಲಿ 15 ಅಂಕ ಮೈಕನ್ ಅವರದೇ. ಇಂಥ ಆಟ ನೋಡಲು ಹಣ ತೆತ್ತು ಬರುವವರು ಯಾರು? ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಾಸೋನ್ ಮತ್ತು ಅವರ ಸಹಾಯಕ ಲಿಯೋ ಫೆರಿಸ್ ಹಳೆಯ ಲೆಕ್ಕದ ಹಾಳೆಗಳನ್ನು ತೆಗೆದು ನೋಡಿದರು. ಜನ ಮೆಚ್ಚಿದ ಒಳ್ಳೆಯ ಪಂದ್ಯಗಳಲ್ಲಿ ಎರಡೂ ತಂಡಗಳು ಸುಮಾರು 60ರಂತೆ ಒಟ್ಟು 120 ಎಸೆತ ಎಸೆದಿದ್ದವು. ಪಂದ್ಯದ ಕಾಲ 48 ನಿಮಿಷ, ಎಂದರೆ 2,880 ಸೆಕೆಂಡು. ಅದನ್ನು 120ರಿಂದ ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ನಿಯಮ 1954–55ರಿಂದ ಜಾರಿಗೆ ಬಂದಿತು. ತಂಡವೊಂದರ ಸರಾಸರಿ ಅಂಕ ಒಂದೇ ವರ್ಷದಲ್ಲಿ 79.5ರಿಂದ 93.1ಕ್ಕೆ ಏರಿತು. ಪ್ರಾಥಮಿಕ ಶಾಲೆಯ ಮಕ್ಕಳೂ ಮಾಡಬಲ್ಲ ಆ ಒಂದು ಭಾಗಾಕಾರ ಸೊರಗುತ್ತಿದ್ದ ಆಟಕ್ಕೆ ಉಸಿರು ಕೊಟ್ಟಿತು.

ಕೊನೆಯದಾಗಿ, ಯಾವ ಕಾಲಮ್ಮಿನಲ್ಲೂ ಹಿಡಿಸದ ಸಂಗತಿಗಳು. 1946ರ ಆ ಮೊದಲ ಸಾಲಿನ ಯಾವ ತಂಡದಲ್ಲೂ ಕಪ್ಪುವರ್ಣದ ಒಬ್ಬ ಆಟಗಾರನೂ ಇರಲಿಲ್ಲ. ಆ ಹಾಳೆಯಲ್ಲಿ ಇಲ್ಲದ ಹೆಸರುಗಳೂ ಒಂದು ಲೆಕ್ಕವೇ. 1947ರಲ್ಲಿ ಜಪಾನಿ ವಲಸೆಗಾರರ ಮಗ ವಾಟ್ ಮಿಸಾಕಾ ನ್ಯೂಯಾರ್ಕ್ ತಂಡದ ಪರವಾಗಿ ಆಡಿದರು. ಈ ಸಂಘದಲ್ಲಿ ಬಿಳಿಯರಲ್ಲದ ಮೊದಲ ಆಟಗಾರ ಅವರು. ಅವರ ಇಡೀ ವೃತ್ತಿಜೀವನದ ಲೆಕ್ಕ: 3 ಪಂದ್ಯ, 7 ಅಂಕ. 1950ರ ಅಕ್ಟೋಬರ್ 31ರಂದು ವಾಷಿಂಗ್ಟನ್ ತಂಡದ ಅರ್ಲ್ ಲಾಯ್ಡ್ ರಾಚೆಸ್ಟರಿನಲ್ಲಿ ಅಂಕಣಕ್ಕಿಳಿದು, ಎನ್‌ಬಿಎಯಲ್ಲಿ ಆಡಿದ ಮೊದಲ ಕಪ್ಪು ಆಟಗಾರರಾದರು. ಆ ರಾತ್ರಿ ಅವರ ಹೆಸರಿನ ಮುಂದೆ ಬರೆದದ್ದು 6 ಅಂಕ. ಆರು ಅಂಕಗಳೆಂದರೆ ಸಾಧಾರಣ ಗಳಿಕೆ. ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಆದರೆ ಅಂದು ತೆರೆದ ಬಾಗಿಲಿನಿಂದಲೇ ರಸೆಲ್ ಬಂದರು, ಚೇಂಬರ್ಲಿನ್ ಬಂದರು, ಮುಂದೆ ಆ ಆಟದ ಮುಖವೇ ಆದ ನೂರಾರು ಜನ ಬಂದರು. ಅದೇ ಲಾಯ್ಡ್ 1955ರಲ್ಲಿ ಪ್ರಶಸ್ತಿ ಗೆದ್ದ ಸಿರಾಕ್ಯೂಸ್ ತಂಡದಲ್ಲೂ ಇದ್ದರು.

ಮೊದಲ ಬುಟ್ಟಿ ಹಾಕಿದ ಆಸಿ ಷೆಕ್ಟ್‌ಮನ್ ಅವರ ಕಥೆಯೂ ಇಂಥದೇ. ಯಹೂದಿ ವಲಸೆಗಾರರ ಮಗನಾದ ಅವರು ಆ ಸಂಘದಲ್ಲಿ ಒಂದೇ ಸಾಲು ಆಡಿ ನಿಂತರು. ಅಂದು ಅವರು ಹಾಕಿದ್ದು ಎರಡು ಅಂಕಗಳ ಸಾಮಾನ್ಯ ಬುಟ್ಟಿ. ಸಂಘ ಬಾಳುತ್ತದೆಯೋ ಮುಳುಗುತ್ತದೆಯೋ ಎಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ. ಟೊರೊಂಟೊ ತಂಡವಂತೂ 22 ಗೆದ್ದು 38 ಸೋತು ಒಂದೇ ವರ್ಷಕ್ಕೆ ಬಾಗಿಲು ಹಾಕಿತು. ದಶಕಗಳು ಕಳೆದು ಸಂಘ ದೊಡ್ಡದಾದ ಮೇಲೆ, ಹಳೆಯ ಹಾಳೆಗಳನ್ನು ತಿರುವಿ ನೋಡಿದವರು ಆ ಬುಟ್ಟಿಯನ್ನು ಎನ್‌ಬಿಎಯ ಪ್ರಥಮ ಬುಟ್ಟಿಯೆಂದು ಗುರುತಿಸಿದರು. 2013ರ ಜುಲೈ 30ರಂದು 94ನೇ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದಾಗ ಪತ್ರಿಕೆಗಳು ಅವರನ್ನು ಆ ಒಂದು ಬುಟ್ಟಿಯ ಹೆಸರಿನಿಂದಲೇ ಸ್ಮರಿಸಿದವು.

ಮನೆಯಲ್ಲಿ ಮಕ್ಕಳು ಅಂಕಪಟ್ಟಿ ತಂದಾಗ, ಅದು ಆಟದ್ದಾಗಲಿ ಪರೀಕ್ಷೆಯದಾಗಲಿ, ನಾವು ದೊಡ್ಡ ಅಂಕಿಯನ್ನು ಮೊದಲು ನೋಡುತ್ತೇವೆ, ಅದು ಸಹಜ. ಆದರೆ ಅಲ್ಲಿಗೇ ನಿಲ್ಲದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಪಕ್ಕದ ಕಾಲಂ ಏನು ಹೇಳುತ್ತದೆ? ಈ ಅಳತೆ ಯಾವ ಕಾಲದ್ದು, ಯಾವ ಪರಿಸ್ಥಿತಿಯದು? ಇಲ್ಲಿ ಕಾಲಂ ಇಲ್ಲದ ಕೆಲಸ ಯಾವುದು, ಅದನ್ನು ಮಾಡಿದವರು ಯಾರು? ಮೂರನೆಯ ಪ್ರಶ್ನೆ ನಮ್ಮ ಮನೆಗಳಿಗೂ ಸಲ್ಲುತ್ತದೆ. ತಿಂಗಳ ಜಮಾಖರ್ಚಿನ ಪುಸ್ತಕದಲ್ಲಿ ಸಂಬಳ ತಂದವರ ಹೆಸರು ಇರುತ್ತದೆ. ನಸುಕಿನಲ್ಲೆದ್ದು ಒಲೆ ಹೊತ್ತಿಸಿದವರ, ಹಾಸಿಗೆ ಹಿಡಿದ ಅತ್ತೆ-ಮಾವಂದಿರ ಬಳಿ ರಾತ್ರಿಯೆಲ್ಲ ಕುಳಿತವರ ಹೆಸರಿಗೆ ಅಲ್ಲಿ ಸಾಲು ಇರುವುದಿಲ್ಲ. ರಸೆಲ್ ಅವರ ಬ್ಲಾಕ್‌ಗಳನ್ನು ಈಗ ಯಾರಿಂದಲೂ ಎಣಿಸಲಾಗದು. ಮನೆಯ ಲೆಕ್ಕ ಬರೆಯುವವರಿಗೆ ಮಾತ್ರ ಇನ್ನೂ ಸಮಯವಿದೆ. ತಿಂಗಳ ಕೊನೆಯಲ್ಲಿ ಆ ಪುಸ್ತಕ ಮುಚ್ಚುವ ಮುನ್ನ ಅವರನ್ನೊಮ್ಮೆ ಕರೆದು ಎದುರಿಗೆ ಕೂರಿಸಿ ನಾಲ್ಕು ಒಳ್ಳೆಯ ಮಾತನಾಡಿದರೆ ಯಾರಿಗೂ ನಷ್ಟವಿಲ್ಲ.